ಹಾಲಮ್ಮನ ಮೆಳ್ಳೆಗಣ್ಣು

ಸವಳಂಗ
12 ಜೂನ್ 2025, ಗುರುವಾರ

ಅಂಜಿನಮ್ಮನಿಗೆ,

ನಿನ್ನ ಗಂಡ ಬೈಲಪ್ಪ ತನ್ನ ಕೈಯಿಂದಲೇ ಬರೆಯುತ್ತಿರುವ ಕಾಗದ. ನಲವತ್ತೊಂದು ವರ್ಷದ ಸಂಸಾರದಲ್ಲಿ ಇದೇ ಮೊದಲನೆಯದು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೆ ನಾನು ಕೂಗಾಡುತ್ತೇನೆ. ಅದಕ್ಕೇ ಕಾಗದ. ನಾನು ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು, ಒತ್ತಕ್ಷರ ಅಲ್ಲಿ ಇಲ್ಲಿ ಬಿದ್ದುಹೋಗಿರಬಹುದು. ಅಕ್ಷಿತಾ, ನಿನ್ನ ದೊಡ್ಡಮ್ಮನಿಗೆ ಓದಾಕೆ ಬರಲ್ಲ, ನೀನೇ ಓದಿ ಹೇಳಬೇಕು. ನಿಧಾನ ಓದು ತಾಯಿ. ಅವಳು ಎದ್ದು ಹೋದರೆ ಹಿಂದೆ ಹೋಗಿ ಓದು.

ಮೊದಲು ತಪ್ಪು ಒಪ್ಪಿಕೊಂಡು ಬಿಡುತ್ತೇನೆ. ನಮ್ಮ ಮಗಳು ಹಾಲಮ್ಮನ ಫೋಟೋ ಹಾಳು ಮಾಡಿದವನು ಮೊಬೈಲ್ ಅಂಗಡಿಯವನು ಎಂದು ನಿನಗೆ ಹೇಳಿದ್ದೆ. ಸುಳ್ಳು. ಹಾಳು ಮಾಡಿದವನು ನಾನು.

ಹೋದ ವರ್ಷ ಹಿರಿಯರ ಪೂಜೆಗೆ ಮುಂಚೆ ಫೋಟೋ ಇಳಿಸಿದೆ. ಥಂಡಿ ಹಿಡಿದು ಮಗುವಿನ ಮುಖ ಗಾಜಿಗೆ ಅಂಟಿಕೊಂಡಿತ್ತು. ನನಗೆ ಗೊತ್ತಿರುವುದು ಒಂದೇ ಕೆಲಸ, ಪಂಚರ್. ಟ್ಯೂಬಿಗೆ ಅಂಟಿದ ಹಳೇ ಪ್ಯಾಚು ಹೇಗೆ ಬಿಡಿಸುತ್ತೇವೆ? ಪೆಟ್ರೋಲು ಸವರಿ ಮೂಲೆ ಹಿಡಿದು ಎಳೆಯುತ್ತೇವೆ. ಹಾಗೇ ಮಾಡಿದೆ. ಬಾಯಿ ಬಂತು, ಗದ್ದ ಬಂತು, ಲಂಗ ಬಂತು. ಮೂಗಿನಿಂದ ಮೇಲಿನದು ಗಾಜಿನ ಮೇಲೆ ಉಳಿಯಿತು. ಬೆರಳಿನಿಂದ ಕೆರೆದೆ. ಕರಿ ಪುಡಿಯಾಗಿ ಉಗುರಿನೊಳಗೆ ಹೋಯಿತು. ನಮ್ಮ ಹತ್ತಿರ ಇದ್ದದ್ದು ಅದೊಂದೇ ಫೋಟೋ.

ಬಂದಷ್ಟನ್ನು ಮೊಬೈಲ್ ಅಂಗಡಿಗೆ ಒಯ್ದೆ. ಅಂಗಡಿಯವನು ಹೆದರಬೇಡ ಯಜಮಾನ, ಉಳಿದಿದ್ದನ್ನ ಕಂಪ್ಯೂಟರೇ ತುಂಬಿಸ್ಕೊಡ್ತೈತೆ ಎಂದ. ತುಂಬಿಸಿತು. ಕೆಂಪು ಗಲ್ಲ, ಉದ್ದ ರೆಪ್ಪೆ, ನೇರ ಕಣ್ಣು. ನನಗೆ ಚೆನ್ನಾಗಿಯೇ ಕಂಡಿತು, ಅದೇ ನನ್ನ ಪಾಪ. ಕಟ್ಟು ಹಾಕಿಸಿ ಗೋಡೆಗೆ ಹೊಡೆದೆ. ನೀನು ಎಡೆ ಹಿಡಿದುಕೊಂಡು ಬಂದವಳು ಅಲ್ಲೇ ನಿಂತೆ. "ಯಾರ್ ಮಗೀದು ರೀ ಇದು? ನನ್ ಮಗೀನ ಮೆಳ್ಳೆಗಣ್ಣು ಎಲ್ಲಿ ಹೋತು?" ಎಂದೆ. ನಾನು ಎಗರಾಡಿದೆ. ಸತ್ತ ಮಗೀಗೆ ಚೆಂದ ಕಣ್ಣು ಬಂದ್ರೆ ನಿಂಗೇನು ಹೊಟ್ಟೆಕಿಚ್ಚಾ ಎಂದೆ. ಆ ಮಾತು ಆಡಬಾರದಿತ್ತು. ನೀನು ಎಡೆಯನ್ನು ನೆಲದ ಮೇಲಿಟ್ಟು, ಹಳೇ ಫೋಟೋ ತಗಂಡು ಬಂದ್ರೆ ಮಾತ್ರ ಜಗಳೂರಿಗೆ ಬರ್ರಿ ಎಂದು ಹೇಳಿ ತಂಗಿ ಮನೆಗೆ ಹೋದೆ. ಎಂಟು ತಿಂಗಳಾಯಿತು.

ಈ ಎಂಟು ತಿಂಗಳು ನಾನು ಏನು ಮಾಡಿದೆ ಎಂದು ಹೇಳುತ್ತೇನೆ. ಕುಡಿಯಲಿಲ್ಲ. ನಿನ್ನ ತಂಗಿಗೂ ಹೇಳು.

ಮೊದಲು ಹೊನ್ನಾಳಿಗೆ ಹೋದೆ. ಆ ಫೋಟೋ ತೆಗೆದ ದಾಸಪ್ಪ ನೆನಪಿದ್ದಾನಲ್ಲ, ಬಸ್‌ಸ್ಟ್ಯಾಂಡ್ ಹಿಂದಿನ ಸ್ಟುಡಿಯೋ. ಸತ್ತು ಹನ್ನೊಂದು ವರ್ಷ. ಮಗ ಕೆಂಚೇಶ ಅಲ್ಲೇ ಝೆರಾಕ್ಸ್ ಇಟ್ಟಿದ್ದಾನೆ. ಅಪ್ಪನ ನೆಗೆಟಿವ್ ಐತೇನೋ ಎಂದು ಕೇಳಿದರೆ ಅಟ್ಟ ತೋರಿಸಿದ. ಹದಿನಾರು ಡಬ್ಬ. ಒಂದರ ಮೇಲೂ ವರ್ಷ ಬರೆದಿಲ್ಲ. ಬೈದೆ. ಅವನು ಅಪ್ಪನನ್ನು ಬೈದ. ಇಬ್ಬರೂ ಸೇರಿ ದಾಸಪ್ಪನನ್ನು ಬೈದ ಮೇಲೆ ಕೆಂಚೇಶನೇ ಸ್ಟೂಲು ಹಾಕಿಕೊಟ್ಟ.

ವಾರಕ್ಕೆ ಎರಡು ದಿನ ಅಂಗಡಿ ಮುಚ್ಚಿ ನ್ಯಾಮತಿ ಮೇಲೆ ಹೊನ್ನಾಳಿಗೆ ಹೋಗುವುದು, ಬಾಗಿಲಲ್ಲಿ ಕೂತು ಒಂದೊಂದೇ ಫಿಲಮ್ಮು ಎತ್ತಿ ಬೆಳಕಿಗೆ ಹಿಡಿಯುವುದು. ನೆಗೆಟಿವ್‌ನಲ್ಲಿ ಕರಿ ಕೂದಲು ಬೆಳ್ಳಗೆ ಕಾಣುತ್ತದೆ ಕಣೆ. ಸಣ್ಣ ಸಣ್ಣ ಹುಡುಗಿಯರಿಗೆಲ್ಲ ನರೆತ ತಲೆ. ಮೊದಲ ದಿನ ನೋಡಲಾಗದೆ ಎದ್ದುಬಂದೆ. ಆಮೇಲೆ ರೂಢಿಯಾಯಿತು. ಹಾಲಮ್ಮನನ್ನು ಹುಡುಕುತ್ತ ಹುಡುಕುತ್ತ ಬೇರೆಯವರನ್ನೂ ನೋಡತೊಡಗಿದೆ. ನಗಬೇಡ. ನಾನು ಗೋಡೆಯ ಕ್ಯಾಲೆಂಡರನ್ನೂ ತಾರೀಖಿಗಾಗಿ ಮಾತ್ರ ನೋಡಿದವನು.

ಒಂದು ಮಧ್ಯಾಹ್ನ ಒಂದು ಸಂಗತಿ ಕಂಡೆ. ಎಲ್ಲವೂ ಎರಡೆರಡು ಇದ್ದವು. ಮೊದಲನೆಯದರಲ್ಲಿ ಜನ ಬಿಗಿದುಕೊಂಡು ನಿಂತಿರುತ್ತಾರೆ. ಎರಡನೆಯದರಲ್ಲಿ ಅದೇ ಜನ, ಹೆಗಲು ಇಳಿದಿದೆ. ಒಬ್ಬಳು ಸೆರಗಲ್ಲಿ ಬೆವರು ಒರೆಸುತ್ತಿದ್ದಾಳೆ. ಒಬ್ಬ ಗೌಡ ಚಪ್ಪಲಿ ಹುಡುಕುತ್ತಿದ್ದಾನೆ. ಹೊಸ ಗಂಡ ಹೆಂಡತಿ ಕದ್ದು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಕೆಂಚೇಶನನ್ನು ಕೇಳಿದೆ. "ಅಪ್ಪಂದು ಅದೊಂದು ಚಟ. ಆತು, ಇನ್ನ ಹೋಗ್ರಿ ಅಂತಿದ್ದ. ಅವ್ರು ಉಸಿರು ಬಿಟ್ಟೇಟಿಗೆ ಇನ್ನೊಂದು ಹೊಡೀತಿದ್ದ. ಯಾರಿಗೂ ಕೊಡ್ತಿರಲಿಲ್ಲ, ಫಿಲಮ್ಮು ದಂಡ ಅಂತ ಅವ್ವ ದಿನಾ ಬಯ್ಯೋಳು" ಎಂದ. ನಾಲ್ಕು ಜನ ಓಡಾಡುವ ಬಸ್‌ಸ್ಟ್ಯಾಂಡ್ ಹಿಂದೆ ಒಬ್ಬ ಮನುಷ್ಯ ಮೂವತ್ತು ವರ್ಷ ಇಂಥ ಕೆಲಸ ಮಾಡಿ, ಯಾರಿಗೂ ತೋರಿಸದೆ ಸತ್ತುಹೋಗಿದ್ದಾನೆ. ನಾವು ಅವನನ್ನು ಪಾಸ್‌ಪೋರ್ಟ್ ಫೋಟೋ ದಾಸಪ್ಪ ಎನ್ನುತ್ತಿದ್ದೆವು.

ಹಾಗಾದರೆ ಹಾಲಮ್ಮನದೂ ಎರಡು ಇರಬೇಕು. ನಾವು ಕಂಡಿರದ ಇನ್ನೊಂದು. ಆ ದಿನ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ, ಕೂರಲಾಗಲಿಲ್ಲ.

ಹದಿನಾರೂ ಡಬ್ಬ ಮುಗಿಯಲು ಮೂರು ತಿಂಗಳು ಬೇಕಾಯಿತು. ಒಂದರಲ್ಲೂ ಹಾಲಮ್ಮ ಇಲ್ಲ. ಕೊನೆಗೆ ಕೆಂಚೇಶ ತಲೆ ತಗ್ಗಿಸಿಕೊಂಡು ಹೇಳಿದ. ಇನ್ನೂ ಹತ್ತಿಪ್ಪತ್ತು ಡಬ್ಬ ಇದ್ದವಂತೆ. ಫಿಲಮ್ಮಿನಲ್ಲಿ ಬೆಳ್ಳಿ ಇರುತ್ತದೆ ಎಂದು ಯಾರೋ ಗುಜರಿಯವರು ಬಂದು ತೂಕಕ್ಕೆ ಕೊಂಡುಹೋದರಂತೆ, ಕರಗಿಸಲು. ಅವನ ಕೊರಳ ಪಟ್ಟಿ ಹಿಡಿದೆ. ಅವನು ಬಿಡಿಸಿಕೊಳ್ಳಲಿಲ್ಲ. "ಹೊಡೀರಿ ಕಾಕಾ, ಗೊತ್ತಿರಲಿಲ್ಲ ನಂಗೆ" ಎಂದ. ಗೊತ್ತಿರಲಿಲ್ಲ ಎನ್ನುವವನನ್ನು ಹೊಡೆಯಲು ನಾನು ಯಾರು, ನನ್ನ ಉಗುರಿನಲ್ಲಿ ಏನಿತ್ತು?

ಆಮೇಲೆ ಸುಮ್ಮನೆ ಕೂರಲಾಗಲಿಲ್ಲ. ಚಟ ಹತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡುತ್ತೇನೆ. ಇದು ದಾಸಪ್ಪನದು, ಇದು ಅವನದಲ್ಲ ಎಂದು ದೂರದಿಂದಲೇ ಹೇಳುತ್ತೇನೆ. ಜನ ನಗುತ್ತಾರೆ. ಪಂಚರ್ ಬೈಲಪ್ಪಂಗೆ ಹೆಂಡ್ತಿ ಹೋದ್ಮೇಲೆ ತಲೆ ಪಂಚರ್ ಆಗೈತೆ ಅನ್ನುತ್ತಾರೆ.

ಸೂಳೆಕೆರೆಯ ಏರಿ ಮೇಲೆ ಒಬ್ಬಳು ಫೋಟೋ ತೂಗುಹಾಕಿದ್ದಾಳೆ ಎಂದು ಯಾರೋ ಹೇಳಿದರು, ಹೋದೆ. ಹೆಸರು ಯಶೋಧರಾ. ಚನ್ನಗಿರಿಯಲ್ಲಿ ಬ್ಯಾಂಕಿನ ಕೆಲಸ, ಭಾನುವಾರ ಕ್ಯಾಮೆರಾ. ಮೀನಿನವರ ಬಲೆ ಒಣಗಿಸುವ ಹಗ್ಗಕ್ಕೆ ಅವರದೇ ಫೋಟೋಗಳನ್ನು ಕ್ಲಿಪ್ಪು ಹಾಕಿ ನೇತುಹಾಕಿದ್ದಳು. ನೋಡಿದರೆ ಒಂದರಲ್ಲೂ ಮುಖ ಇಲ್ಲ. ಬರೀ ಬೆನ್ನು, ಕೈ, ನೀರಿನಲ್ಲಿ ನಿಂತ ಕಾಲು. ನನಗೆ ರೇಗಿತು. "ಏನವ್ವಾ, ಮುಖ ಬಿಟ್ಟು ಬೆನ್ನು ತೆಗ್ದೀಯಲ್ಲ, ಬ್ಯಾಂಕಿನಾಗೂ ಹಿಂಗೇ ಏನು ಕೆಲ್ಸ?" ಎಂದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ಆ ಬೆನ್ನು ಯಾರ್ದು ಅಂತ ಅಲ್ಲಿ ಕುಂತೋರನ್ನ ಕೇಳ್ರಿ ಅಜ್ಜಾರೆ" ಎಂದಳು. ಕೇಳಿದೆ. ಬಲೆ ಹೊಲಿಯುತ್ತಿದ್ದವರು ತಲೆ ಎತ್ತಿ ಒಟ್ಟಿಗೇ ಹೇಳಿದರು: ನಮ್ ದ್ಯಾಮಮ್ಮಂದು. ಪಕ್ಕದ ಕೈ ಯಾರದು? ಅವಳ ಗಂಡಂದು. ಒಬ್ಬರೂ ತಡವರಿಸಲಿಲ್ಲ. ನಾನು ಆ ಹಗ್ಗದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಡಾಡಿದೆ. ಆಮೇಲೆ ಅವಳ ಹತ್ತಿರ ಎಲ್ಲವನ್ನೂ ಹೇಳಿದೆ, ಪೆಟ್ರೋಲಿನದ್ದನ್ನೂ. ಗುರುತಿಲ್ಲದವಳ ಹತ್ತಿರ ಬಾಯಿ ಬಂತು, ನಿನ್ನ ಹತ್ತಿರ ಬರಲಿಲ್ಲ.

ಅವಳೇ ನಲ್ಲೂರಿನ ಉಚ್ಚಂಗೆಪ್ಪನ ವಿಳಾಸ ಕೊಟ್ಟಳು. ಫೋಟೋನೇ ತೆಗೆಸದೆ ಸತ್ತವರ ಚಿತ್ರ ಬರೆಯುವವನು. ಅವನ ಕೆಲಸದ ರೀತಿ ಕೇಳು. ಮನೆಯವರನ್ನೆಲ್ಲ ಸಾಲಾಗಿ ಕೂರಿಸುತ್ತಾನೆ. ಸತ್ತವರ ಹುಬ್ಬು ಇವರಲ್ಲಿ ಯಾರ ಹುಬ್ಬಿನ ಹಾಗಿತ್ತು ಹೇಳಿ ಎನ್ನುತ್ತಾನೆ. ಮನೆಯವರು ಬೆರಳು ತೋರಿಸುತ್ತಾರೆ. ಒಬ್ಬರಿಂದ ಹುಬ್ಬು, ಇನ್ನೊಬ್ಬರಿಂದ ಮೂಗು, ಸೊಸೆಯ ಕಂಕುಳಲ್ಲಿರುವ ಕೂಸಿನಿಂದ ಹಣೆ. ಮಸಿ ಪುಡಿಯನ್ನು ಬ್ರಷ್ಷಿನಲ್ಲಿ ತಿಕ್ಕಿ ತಿಕ್ಕಿ ಬರೆಯುತ್ತಾನೆ. ಅವನ ಪಡಸಾಲೆಯಲ್ಲಿ ಒಬ್ಬ ಮುದುಕಿಯ ಚಿತ್ರ ನೋಡಿದೆ ಅಂಜಿನಮ್ಮ, ಇನ್ನೇನು ನನಗೆ ಬಯ್ಯುತ್ತಾಳೆ ಅನ್ನಿಸಿತು. ಅವನ ತಾಯಿಯಂತೆ.

ಅವನಿಗೆ ಎಪ್ಪತ್ತೆಂಟು. ಕಣ್ಣಿನ ನರ ಒಣಗುತ್ತಿದೆ, ಆಪರೇಷನ್ ಮಾಡಿಸಿದರೂ ಬರುವುದಿಲ್ಲ ಎಂದಿದ್ದಾರಂತೆ. ಬೆಳಿಗ್ಗೆ ಬಿಸಿಲು ನೇರ ಬಿದ್ದಾಗ ಎರಡು ತಾಸು ಕಾಣುತ್ತದೆ, ಅಷ್ಟೇ. ಶ್ರಾವಣದ ಹೊತ್ತಿಗೆ ಅದೂ ಇರಲ್ಲ ಎಂದು ತಾನೇ ನಗುತ್ತ ಹೇಳಿದ. ನಮ್ಮ ಅರ್ಧ ಫೋಟೋ ತೋರಿಸಿದೆ. ಬಾಯಿ ಗದ್ದ ಐತಲ್ಲ, ಅರ್ಧ ಕೆಲಸ ದಾಸಪ್ಪನೇ ಮಾಡಿಟ್ಟಾನೆ ಎಂದ. ಅವನಿಗೆ ದಾಸಪ್ಪ ಗೊತ್ತು! ನಾನು ಆ ಎರಡೆರಡು ನೆಗೆಟಿವ್‌ಗಳ ಕಥೆ ಹೇಳಿದೆ. ಇಬ್ಬರೂ ಊಟದ ಹೊತ್ತು ಮೀರಿ ಮಾತಾಡಿದೆವು. ಇಂಥವರೆಲ್ಲ ನನ್ನ ಸುತ್ತ ಇಪ್ಪತ್ತು ಮೂವತ್ತು ಮೈಲಿಯೊಳಗೇ ಇದ್ದರು. ನಾನು ಟ್ಯೂಬು ನೀರಿಗೆ ಅದ್ದಿ ಗುಳ್ಳೆ ನೋಡುತ್ತ ಕೂತಿದ್ದೆ.

ಕಣ್ಣಿನ ಬಗ್ಗೆ ಅವನು ನನಗೆ ಏಳೆಂಟು ಪ್ರಶ್ನೆ ಕೇಳಿದ. ಎಲ್ಲದಕ್ಕೂ ಹೇಳಿದೆ. ಆದರೂ ತಾಯಿ ಬಂದು ಕೂತರೆ ಒಳ್ಳೆಯದು, ಹೆಣ್ಣುಮಗಳ ಕಣ್ಣು ತಾಯಿ ಕಡೆಯಿಂದ ಬಂದಿರುತ್ತೆ ಎಂದ. ಒಂದು ಬೆಳಿಗ್ಗೆ ಸಾಕು. ಬಾ. ಮನೆಗೆ ಬರಬೇಡ, ನಲ್ಲೂರಿಗೆ ಬಂದು ಹಾಗೇ ವಾಪಸು ಹೋಗು. ನಾನು ಅಲ್ಲಿ ಇರಬಾರದು ಎಂದರೆ ಇರುವುದಿಲ್ಲ, ರಸ್ತೆಯಲ್ಲಿ ನಿಲ್ಲುತ್ತೇನೆ. ಗೋಡೆಯ ಮೇಲಿದ್ದ ಆ ಕೆಂಪು ಗಲ್ಲದ ಮಗುವನ್ನು ಇಳಿಸಿಟ್ಟಿದ್ದೇನೆ. ಬಿಸಾಡಲು ಕೈ ಬರಲಿಲ್ಲ, ಅದೂ ಯಾವುದೋ ಮಗುವಿನ ಹಾಗಿದೆ.

ಬಿಪಿ ಮಾತ್ರೆ ಬಿಡಬೇಡ.

ನಿನ್ನ ಮೇಲೆ ಕೂಗಾಡದೆ ಇಷ್ಟು ಹೊತ್ತು ಕೂತವನು,
ಬೈಲಪ್ಪ

ತಾಜಾ ಕಲಂ: ಅಕ್ಷಿತಾ, ಇಲ್ಲಿಂದ ಮುಂದಿನದು ನಿನಗೆ. ದೊಡ್ಡಮ್ಮನಿಗೆ ಓದಬೇಡ, ಕಾಗದ ಮುಗೀತು ಎಂದು ಹೇಳು. ಉಚ್ಚಂಗೆಪ್ಪನ ಪ್ರಶ್ನೆಗಳಲ್ಲಿ ಒಂದಕ್ಕೂ ನನಗೆ ಉತ್ತರ ಬರಲಿಲ್ಲ. ಮೆಳ್ಳೆ ಯಾವ ಕಣ್ಣಿಗೆ, ಎಡದ್ದೋ ಬಲದ್ದೋ ಎಂದ. ಎಡ ಎಂದೆ. ಬರೆದ. ಬಸ್ಸು ಹತ್ತುವಾಗ ಬಲ ಅನ್ನಿಸಿತು. ಮಾರನೇ ದಿನ ಹೋಗಿ ಹೇಳಿದೆ, ಬಲವನ್ನೂ ಬರೆದ. ಎರಡೂ ಮುಂದಿಟ್ಟು, ನಿನ್ನ ಮಗಳು ಯಾವಳಪ್ಪಾ ಎಂದ. ಆರು ವರ್ಷ ನನ್ನ ಮನೆಯಲ್ಲಿದ್ದ ಮಗು. ನಾನು ಅಂಗಡಿಗೆ ಹೋಗುವಾಗ ಮಲಗಿರುತ್ತಿತ್ತು, ಬರುವಾಗಲೂ ಮಲಗಿರುತ್ತಿತ್ತು. ಕಣ್ಣು ತೆರೆದಿದ್ದಾಗ ನಾನು ನೋಡಲಿಲ್ಲ. ಕಂಡವರ ಮುಖ ಸಾವಿರ ನೋಡಿದೆ ಈ ವರ್ಷ, ಒಂದೊಂದೂ ನೆನಪಿದೆ. ಎರಡು ಚಿತ್ರವನ್ನೂ ಇದೇ ಕವರಿನಲ್ಲಿ ರಟ್ಟಿನ ನಡುವೆ ಇಟ್ಟಿದ್ದೇನೆ, ಹಿಂದುಗಡೆ ಎಡ, ಬಲ ಎಂದು ಬರೆದಿದೆ. ಏನೂ ಹೇಳದೆ ಅವಳ ಮುಂದೆ ಜೋಡಿಸಿಡು. ಕೈ ಯಾವುದರ ಕಡೆ ಹೋಗುತ್ತದೆ ನೋಡಿ ನನಗೆ ಎಡ ಅಥವಾ ಬಲ ಎಂದಷ್ಟೇ ಮೆಸೇಜು ಹಾಕು. ಎರಡರ ಕಡೆಗೂ ಹೋಗದಿದ್ದರೆ, ಏನೂ ಹಾಕಬೇಡ. ನಾನು ತಿಳಿದುಕೊಳ್ಳುತ್ತೇನೆ.