ತಾರೀಖಿಲ್ಲದ ಕಾಯ್ದೆ, ನನ್ನ ಗಂಡನ ಕುತ್ತಿಗೆ

ಕಾಯ್ದೆ ಜಾರಿಯಾಗುವ ದಿನ ಗೊತ್ತುಮಾಡುವ ದಿಲ್ಲಿಯ ಮಾನ್ಯ ಅಧಿಕಾರಿಗಳೇ,

ಹಮಾಲರ ಹೆಗಲ ಮೇಲೆ ಐವತ್ತು ಕಿಲೋ ಮೀರಿದ ಚೀಲ ಹೊರಿಸಬಾರದೆಂಬ ಕಾಯ್ದೆ ಪಾಸಾಗಿ ಹದಿನಾಲ್ಕು ತಿಂಗಳಾಯಿತು. ಜಾರಿಯ ತಾರೀಖನ್ನು ನೀವಿನ್ನೂ ಹಾಕಿಲ್ಲ. ನಿಮ್ಮ ಕಚೇರಿಯ ಗೋಡೆಗೆ ಕ್ಯಾಲೆಂಡರ್ ಇಲ್ಲವೇ?

ನಾನು ಆರನೇ ಇಯತ್ತೆಗೇ ಸಾಲಿ ಬಿಟ್ಟವಳು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಓಣಿಯ ಕೊನೆಯಿಂದ ಮೂರು ಸಲ ತಿರುಗಿ ಬರುವ ಜೀವ. ಸಂಸತ್ತಿನಲ್ಲಿ ಮಸೂದೆಗೆ ಮೂರು ವಾಚನ ಎಂದು ಕೇಳಿದಾಗ, ಅಲ್ಲಿಯೂ ನನ್ನಂಥವರೇ ಕೂತಿದ್ದಾರಲ್ಲ ಎಂದು ಸಮಾಧಾನಪಟ್ಟೆ. ಲೋಕಸಭೆಯಲ್ಲಿ ಮಂಡಿಸಿದರು. ಸಮಿತಿಗೆ ಕಳಿಸಿದರು, ಅಲ್ಲಿ ವರ್ಷ ಕಳೆಯಿತು. ಅಷ್ಟರಲ್ಲಿ ಲೋಕಸಭೆ ವಿಸರ್ಜನೆಯಾದರೆ ಮಸೂದೆಯೂ ಸತ್ತಂತೆ ಎಂದು ಯಾರೋ ಅಂದರು, ನನಗೆ ಊಟ ಸೇರಲಿಲ್ಲ. ಕಡೆಗೆ ಒಂದೊಂದೇ ಕಲಮು ಚರ್ಚಿಸಿ ಹೌದೆಂದರು. ರಾಜ್ಯಸಭೆಯೂ ಹೌದೆಂದಿತು. ರಾಷ್ಟ್ರಪತಿಗಳ ಅಂಕಿತ ಬಿತ್ತು, ರಾಜ್ಯಪತ್ರದಲ್ಲಿ ಅಚ್ಚಾಯಿತು. ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ.

ನನ್ನ ಗಂಡ ಮಕಬೂಲಸಾಬರು ಒಂದು ಖಾಸಗಿ ಗೋದಾಮಿನಲ್ಲಿ ಹಮಾಲರು. ಕುತ್ತಿಗೆಯ ಮಣಿ ಸವೆದಿದೆ; ಹೀಗೇ ಹೊತ್ತರೆ ಕೈ ಸ್ವಾಧೀನ ತಪ್ಪೀತು ಎಂದು ಡಾಕ್ಟರು ಹೇಳಿದ್ದಾರೆ. ಸಕ್ಕರೆ ಹಂಚಿದ ಮರುದಿನವೇ ಅವರು ರಾಜ್ಯಪತ್ರದ ಪ್ರತಿ ಹಿಡಿದು ಹಮಾಲರಿಗೆ ಕೆಲಸ ಹಂಚುವ ಮುಕಾದಮನ ಮುಂದೆ ನಿಂತರು.

"ಇನ್ನ ನೂರು ಕಿಲೋ ಚೀಲ ಹೊರಂಗಿಲ್ರಿ ಫಕೀರಪ್ಪಣ್ಣ. ಕಾಯ್ದೆ ಆಗೇತಿ."

"ಛಲೋ ಆತು ಬಿಡಪಾ! ಹಂಗಾರ ದಿಲ್ಲಿ ಮಂದೀನ ಕರಿ, ಲಾರಿ ತುಂಬಲಿ. ಯಾವ ತಾರೀಖಿನಿಂದ ಜಾರಿ ಅಂತ ಬರದಾರ? ಅದನ್ನಷ್ಟು ಓದಿ ಹೇಳು."

ತಾರೀಖು ಎಲ್ಲಿದೆ? ಕಾನೂನು ಕಾಲೇಜಿಗೆ ಹೋಗುವ ಪಕ್ಕದ ಮನೆಯ ಸುಜಾತಾ ಹನ್ನೆರಡೂ ಪುಟ ಹುಡುಕಿದಳು. "ಚಾಚಿ, ಸರ್ಕಾರ ಮುಂದ ಗೊತ್ತುಮಾಡೋ ದಿನದಿಂದ ಜಾರಿ ಅಂತ ಐತ್ರಿ. ಆ ದಿನ ಯಾವುದಂತ ಇಲ್ರಿ." ಎರಡು ಸದನ, ಮೂರು ವಾಚನ, ಒಂದು ಸಮಿತಿ. ಇಷ್ಟು ಜನರಲ್ಲಿ ಒಬ್ಬರಿಗೂ ತಿರುಗಿ ಬಂದು ನೋಡಬೇಕು ಅನ್ನಿಸಲಿಲ್ಲವೇ?

ಒಂದು ತಿಂಗಳು ಮುಕಾದಮ ನನ್ನ ಗಂಡನಿಗೆ ಕೆಲಸ ಕೊಡಲಿಲ್ಲ. ಆಮೇಲೆ ಇವರೇ ಹೋಗಿ, ತಪ್ಪಾಯಿತು ಎಂದು ನೂರು ಕಿಲೋ ಚೀಲಕ್ಕೆ ಬಗ್ಗಿದರು. ಈಗ ಎಡಗೈಯಲ್ಲಿ ಚಹಾದ ಬಟ್ಟಲು ನಿಲ್ಲುವುದಿಲ್ಲ. ಆ ಹನ್ನೆರಡು ಪುಟಗಳನ್ನು ಮಡಚಿ, ಹೆಗಲಿಗೆ ಹಾಕುವ ಗೋಣಿತಟ್ಟಿನ ಕೆಳಗೆ ಇಟ್ಟುಕೊಂಡಿದ್ದಾರೆ. "ಸ್ವಲ್ಪ ಮೆತ್ತಗ ಆಕ್ಕೇತಿ" ಅನ್ನುತ್ತಾರೆ. ನಿಮ್ಮ ಕಾಯ್ದೆ ಇಷ್ಟಾದರೂ ಉಪಯೋಗಕ್ಕೆ ಬಂದಿದೆ.

ಒಂದು ತಾರೀಖು ಹಾಕಿ. ಹಾಕುವುದಿಲ್ಲ ಎಂದಾದರೆ ಅದನ್ನೇ ಬರೆದು ತಿಳಿಸಿ. ಪುಟ ಹೆಚ್ಚಿದ್ದಷ್ಟೂ ಒಳ್ಳೆಯದು.

ಇಂತಿ,
ಸಕ್ಕರೆ ಹಂಚಲು ಅವಸರ ಮಾಡಿದ
ಚಾಂದಬಿ
ಅಮರಗೋಳ, ಹುಬ್ಬಳ್ಳಿ