ಅಲ್ಲಿ ಮಳೆ ಬಾರದಿರಲಿ ಎಂದು

ಯವ್ವಾ,

ಇವತ್ತು ಬೆಳಿಗ್ಗೆ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ನಮ್ಮ ಅಂಗಡಿಯ ಶಟರ್ ಎತ್ತಿದಾಗ ನೀನು ಒಳಗೆ ಕುಳಿತಿದ್ದೆ. ಭತ್ತದ ಚೀಲಗಳ ನಡುವೆ, ಕೈಯಲ್ಲಿ ಮೊರ ಹಿಡಿದು. ಲೈಟ್ ಹಾಕಿದೆ, ಬರೀ ಚೀಲಗಳು. ತೀರಿಕೊಂಡ ಮೇಲೂ ನಿನಗೆ ಮನೆ ಬೇಡ, ಅಂಗಡಿಯೇ ಬೇಕೇನು?

ನಾನು ವ್ಯಾಪಾರಕ್ಕೆ ಕುಳಿತ ಮೊದಲ ವರ್ಷ ನೆನಪಿದೆಯಾ? ಹೊರದೇಶದಲ್ಲೆಲ್ಲೋ ನೆರೆ ಬಂದು ಭತ್ತ ಕೊಳೆತು, ನಮ್ಮ ಅಕ್ಕಿಯ ರೇಟು ಏರಿತ್ತು. ಪೇಡೆ ತಂದು ನಿನ್ನ ಬಾಯಿಗೆ ಹಿಡಿದರೆ ನೀನು ಬಾಯಿ ತೆರೆಯಲಿಲ್ಲ.

"ಅಲ್ಲಿ ಮಂದಿ ಈಗ ಏನ್ ಉಣ್ಣಾಕತ್ತಾರ?"

"ನಮಗ್ಯಾಕ ಬೇ ಅದು?" ಎಂದು ನಾನು ನಕ್ಕೆ. ದೇವದುರ್ಗದ ನಿನ್ನ ತವರಿನಲ್ಲಿ ಜೋಳ ಕೈಕೊಟ್ಟ ವರ್ಷ ಬೇಲಿಯ ತೊಪ್ಪಲು ಬೇಯಿಸಿ ತಿಂದದ್ದನ್ನು ಆಗಲಾದರೂ ನೀನೇ ನನಗೆ ಹೇಳಬಹುದಿತ್ತು, ಮುಂದೆ ಬೇರೆಯವರಿಂದ ಕೇಳಬೇಕಾಯಿತು. ನೀನು ಎದ್ದು ಒಳಗೆ ಹೋದೆ.

ಹೋದ ವಾರ ಬೆಳೆ ನೋಡಲು ಮಾನ್ವಿ ಕಡೆ ಹೋಗಿದ್ದೆ. ತೆನೆ ತುಂಬಿ ಬಾಗಿವೆ. "ಬೆಳಿ ಭಾರಿ ಅದ್ರಿ ಅಕ್ಕಾರ. ಆದ್ರ ಈ ಸಲ ಎಲ್ಲಾ ದೇಶದಾಗೂ ಭಾರಿ ಅದಂತ," ಎಂದು ರೈತ ಈರಣ್ಣ ಸಾವಿನ ಸುದ್ದಿ ತಂದವನಂತೆ ಹೇಳಿದ. ಅಂಥ ಹುಲುಸಾದ ಗದ್ದೆಯ ಬದುವಿನ ಮೇಲೆ ಇಬ್ಬರೂ ಮುಖ ಸಣ್ಣ ಮಾಡಿಕೊಂಡು ನಿಂತಿದ್ದೆವು. ಹಿಂದಿನ ಸುಗ್ಗಿಯ ಭತ್ತವೇ ಇನ್ನೂ ನನ್ನ ಗೋದಾಮಿನಲ್ಲಿ ಬಿದ್ದಿದೆ. ರೇಟು ಏರದಿದ್ದರೆ ಅಂಗಡಿ ಉಳಿಯುವುದಿಲ್ಲ, ಯವ್ವಾ.

ಅಷ್ಟರಲ್ಲಿ ಕಡಲಾಚೆಯ ಒಂದು ದೇಶದಲ್ಲಿ ಮಳೆ ಕೈಕೊಟ್ಟು, ನಾಟಿ ಮಾಡಿದ ಭತ್ತ ಒಣಗುತ್ತಿದೆ ಎಂದು ಸುದ್ದಿ ಬಂತು. ಇಡೀ ಗಂಜಿಗೆ ಜೀವ ಬಂತು. "ಇನ್ನೊಂದ್ ಸ್ವಲ್ಪ ದಿನ ಅಲ್ಲಿ ಹನಿ ಬೀಳಬಾರದ್ರಿ, ನಾವ್ ಗೆದ್ದಂಗ," ಎಂದ ಪಕ್ಕದ ಅಂಗಡಿಯ ಶಾಂತಪ್ಪ. ಅಂದಿನಿಂದ ಮೊಬೈಲಿನಲ್ಲಿ ಆ ದೇಶದ ಮೋಡ ನೋಡುವುದೇ ನನ್ನ ಕೆಲಸ. ಅಲ್ಲಿನ ಊರುಗಳ ಹೆಸರು ನಾಲಿಗೆಗೆ ಹೊರಳುವುದಿಲ್ಲ, ಆದರೆ ಯಾವ ಊರಿನ ಆಕಾಶ ಬರಿದಾಗಿದೆ ಎಂದು ಕೇಳು, ಹೇಳುತ್ತೇನೆ.

ಸೋಮವಾರ ನಿನ್ನ ಫೋಟೊ ಮುಂದೆ ದೀಪ ಹಚ್ಚಿ ಕೈ ಮುಗಿದೆ. ಅಲ್ಲಿ ಮಳೆ ಬಾರದಿರಲಿ ಎಂದು ಅರ್ಧ ಬೇಡಿಕೊಂಡಿದ್ದೆ, ಕಣ್ಣೆತ್ತಿದರೆ ನಿನ್ನ ಮುಖ. ಯಾರ ಮುಂದೆ ನಿಂತು ಏನು ಕೇಳುತ್ತಿದ್ದೇನೆ ನಾನು...

ಅಲ್ಲಿಂದ ಶುರುವಾಯಿತು ನೋಡು ನಿನ್ನ ಕಾಟ. ಗೋದಾಮಿಗೆ ಹೋದರೆ ಮೊರದಲ್ಲಿ ಕೇರುವ ಸದ್ದು, ಅನ್ನಕ್ಕೆ ಕೈ ಹಾಕಿದರೆ ಎದುರಿಗೆ ನೀನು. ನನಗೂ ಸಿಟ್ಟು ಬರುತ್ತದೆ. ಹೋದವಳಿಗೆ ಇಲ್ಲಿನ ಕಷ್ಟ ಏನು ಗೊತ್ತು? ಬೈಯುವುದಿದ್ದರೆ ಬೈದುಬಿಡು, ಹೀಗೆ ಸುಮ್ಮನೆ ನೋಡುತ್ತ ಕೂರಬೇಡ. ಹೆದರಿಕೆಯಾಗುತ್ತದೆ.

ಈಗ ಬರೆಯಲು ಕುಳಿತದ್ದು ಒಂದು ಸುದ್ದಿ ಹೇಳುವುದಕ್ಕೆ. ಶಾಂತಪ್ಪನಿಗೆ ಇನ್ನೂ ತಿಳಿದಿಲ್ಲ. ನಾಳೆ ಗಂಜಿನಲ್ಲಿ ಯಾರ ಮುಖದಲ್ಲೂ ಕಳೆ ಇರುವುದಿಲ್ಲ, ನನ್ನ ಗತಿ ಏನೋ ಗೊತ್ತಿಲ್ಲ. ಆದರೂ ಓದಿದ ಕೂಡಲೇ ನಿನಗೆ ಹೇಳಬೇಕೆನಿಸಿತು.

ನಿನ್ನೆಯಿಂದ ಅಲ್ಲಿ ಮಳೆ ಹಿಡಿದಿದೆಯಂತೆ, ಯವ್ವಾ.