ಲಿನ್ ಮನೆಗೆ ಬಂದಿದ್ದಳು

ಸಟನ್, ಲಂಡನ್
ಬುಧವಾರ, ೧೪ ಮೇ ೨೦೨೫

ಪ್ರೀತಿಯ ಲಕ್ಷ್ಮೀಶ,

ಹೊಟ್ಟೆ ಸರಿಹೋಯಿತೇ? ಶೆನ್‌ಜೆನ್ ಕ್ಯಾಂಟೀನಿನಲ್ಲಿ ಬರೀ ಅನ್ನ, ಸೌತೆಕಾಯಿ ಎಂದಿದ್ದೆಯಲ್ಲ, ಚಟ್ನಿಪುಡಿಯನ್ನು ಒಂದೇ ವಾರಕ್ಕೆ ಖಾಲಿ ಮಾಡಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಧೃತಿ ಗ್ರಾಮರ್ ಸ್ಕೂಲಿನ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ, ಅಂದರೆ ಪುಸ್ತಕ ತೆರೆದಿಟ್ಟು ಕಿಟಕಿ ನೋಡುತ್ತಿದ್ದಾಳೆ. ತರಬೇತಿಗೆ ಹೋದವರಿಗೆ ಮನೆಯವರು ಕೈಬರಹದ ಕಾಗದ ಕಳಿಸಬೇಕೆಂದು ನಿಮ್ಮ ಕಂಪನಿಯೇ ಕೇಳಿದೆ. ಕನ್ನಡದಲ್ಲಿ ಬರೆದರೆ ಅಲ್ಲಿ ಓದುವವನು ನೀನೊಬ್ಬನೇ ಎಂಬ ಧೈರ್ಯ ನನ್ನದು.

ಭಾನುವಾರ ನಿಮ್ಮ ಎಚ್ಆರ್‌ನ ಲಿನ್ ಮನೆಗೆ ಬಂದಿದ್ದಳು. ಕೆಲಸಗಾರನನ್ನು ಅಳೆಯುವ ಮೊದಲು ಅವನ ಮನೆ ನೋಡುವುದು ಅವರ ಪದ್ಧತಿಯಂತೆ. ಕಿತ್ತಳೆಯ ದೊಡ್ಡ ಬುಟ್ಟಿ ತಂದಿದ್ದಳು, ಬಾಗಿಲಲ್ಲೇ ಬೂಟು ಬಿಚ್ಚಿದಳು, ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡಳು. ನಮ್ಮ ಕಡೆಯ ಹುಡುಗಿಯೇ ಎನಿಸಿಬಿಟ್ಟಿತು. ಅವಳು ನಿನ್ನನ್ನು ಹೊಗಳಲು ಶುರುಮಾಡಿದಳು ನೋಡು, ಧಾರವಾಡದ ನಿಮ್ಮ ಅಮ್ಮನ ಮಾತು ನೆನಪಾಯಿತು: “ಮಂದಿ ಮುಂದ ಗಂಡನ್ನ ಹೊಗಳಬಾರದವಾ, ದೃಷ್ಟಿ ಆಗತದ.” ಅಯ್ಯೋ, ಅಷ್ಟೇನಿಲ್ಲ ಎಂದೆ. ಬೆಳಿಗ್ಗೆ ಏಳುವುದೇ ಕಷ್ಟ, ಬೀಗದಕೈ ಎಲ್ಲಿಟ್ಟರೆಂದು ನೆನಪಿರುವುದಿಲ್ಲ, ಹೇಳದೆ ಒಂದು ಕೆಲಸವನ್ನೂ ಮಾಡುವುದಿಲ್ಲ ಎಂದೆ. ಧೃತಿಯೂ ಒಳಗಿನಿಂದ “ಹಿ ಫರ್ಗೆಟ್ಸ್ ಎವೆರಿಥಿಂಗ್” ಎಂದು ದನಿಗೂಡಿಸಿದಳು. ನಮ್ಮವರಾಗಿದ್ದರೆ ನಕ್ಕು ಇನ್ನೊಂದು ಕಾಫಿ ಕೇಳುತ್ತಿದ್ದರು. ಲಿನ್ ನಗುತ್ತಲೇ ಎಲ್ಲವನ್ನೂ ಫಾರ್ಮಿನಲ್ಲಿ ಬರೆದುಕೊಂಡು ನನ್ನ ಸಹಿ ಹಾಕಿಸಿಕೊಂಡಳು.

ಆಮೇಲೆ ನಿನ್ನ ಜೊತೆ ಕೆಲಸ ಮಾಡುವ ವಿಕಾಸನ ಹೆಂಡತಿ ವೈದೇಹಿ ಫೋನ್ ಮಾಡಿದಳು. ಅವಳು ಗಂಡನನ್ನು ಒಂದು ಗಂಟೆ ಹೊಗಳಿದ್ದಾಳಂತೆ. ಹತ್ತು ಜನರಲ್ಲಿ ಕೊನೆಗೆ ಬಂದವನನ್ನು ಈ ಸಲವೂ ಕೆಲಸದಿಂದ ತೆಗೆಯುತ್ತಾರೆ, ಆ ಫಾರ್ಮಿಗೂ ಅಂಕಗಳಿವೆ ಎಂದಳು. ನಮ್ಮೆಲ್ಲರ ವೀಸಾ ನಿನ್ನ ಕೆಲಸದ ಮೇಲೇ ನಿಂತಿದೆ. ನಾಳೆ ಲಿನ್ ಅಲ್ಲಿಗೆ ಹೊರಡುತ್ತಾಳೆ, ಈ ಕಾಗದವೂ ಆ ಫಾರ್ಮೂ ಒಂದೇ ಚೀಲದಲ್ಲಿ ಬರುತ್ತವೆ. ನಿಮಗೆಲ್ಲ ಅಂಕ ಹಾಕುವ ಸೋಮವಾರದ ಸಭೆಗೆ ಮುಂಚೆ ನಮ್ಮ ಪದ್ಧತಿ ಏನೆಂದು ನೀನೇ ಅವರಿಗೆ ತಿಳಿಸಿ ಹೇಳು. ನನಗೆ ತುಂಬ ಹೆದರಿಕೆಯಾಗಿದೆ. ಬೈಯುವುದಿದ್ದರೆ ಬೈದುಬಿಡು, ಪರವಾಗಿಲ್ಲ.

ದೇವರು ನಿನ್ನ ಜೊತೆಗಿರಲಿ. ಧೃತಿ ಒಂದು ಮುತ್ತು ಕಳಿಸಿದ್ದಾಳೆ.

ನಿನ್ನ
ವಿಭಾ

ಮರೆತು ಬಿಟ್ಟದ್ದಲ್ಲ, ಬರೆಯಲು ಅಂಜಿ ಬಿಟ್ಟದ್ದು: ಹೊರಡುವಾಗ ಲಿನ್ ಇನ್ನೊಂದು ಪ್ರಶ್ನೆ ಕೇಳಿದಳು. ನಿನ್ನನ್ನು ಮೂರು ವರ್ಷ ಅಲ್ಲೇ ಇರಿಸಿಕೊಂಡರೆ ಮನೆಯವರಿಗೆ ಒಪ್ಪಿಗೆಯೇ ಎಂದು. ನೀನು ಆಗಲೇ ಒಪ್ಪಿ ಸಹಿ ಮಾಡಿದ್ದೀಯಂತೆ. ನಾನು ಇಲ್ಲ ಎಂದೆ, ಅದನ್ನೂ ಫಾರ್ಮಿನಲ್ಲಿ ಬರೆದುಕೊಂಡಳು. ಉಳಿದದ್ದೆಲ್ಲ ಬರೀ ಬಾಯಿಮಾತು ಎಂದು ಅವರಿಗೆ ಹೇಳು. ಈ ‘ಇಲ್ಲ’ವನ್ನು ಮಾತ್ರ ಹೊಡೆದುಹಾಕಿಸಬೇಡ.